ಅಣಬೆ ಗಿಡ ಅಲ್ಲ ಅಂದ್ರೆ ಮತ್ತೇನು?

ಪ್ರಶ್ನೆ: ನಮ್ಮ ಮಗ ಒಂಬತ್ತನೇ ಕ್ಲಾಸು. ಮೊನ್ನೆ ಅಣಬೆ ಸಾರು ಬಡಿಸ್ತಿದ್ದಾಗ ‘ಅಮ್ಮ, ಇದು ಗಿಡಾನೇ ಅಲ್ಲ’ ಅಂದ. ನಮ್ಮತ್ತೆ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ರು. ಗಿಡ ಅಲ್ಲ ಅಂದ್ರೆ ಪ್ರಾಣಿನಾ ಸರ್?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಮಗ ಹೇಳಿದ್ದು ಸರಿ ಕಣಮ್ಮ, ಆದ್ರೆ ಅತ್ತೆಯವರು ಗಾಬರಿ ಆಗೋದು ಬೇಡ, ಅದು ಪ್ರಾಣಿನೂ ಅಲ್ಲ. 1735ರಲ್ಲಿ ಲಿನೇಯಸ್ ಅನ್ನೋ ವಿಜ್ಞಾನಿ ಜೀವಿಗಳನ್ನ ಸಸ್ಯ, ಪ್ರಾಣಿ ಅಂತ ಎರಡೇ ಪಾಲು ಮಾಡಿದಾಗ ಓಡಾಡದ ಅಣಬೆ ಗಿಡದ ಪಾಲಿಗೆ ಹೋಯ್ತು. 1969ರಲ್ಲಿ ವಿಟ್ಟೇಕರ್ ಅನ್ನೋ ವಿಜ್ಞಾನಿ ಐದು ಸಾಮ್ರಾಜ್ಯ, ಅಂದ್ರೆ ಜೀವಿಗಳ ಐದು ದೊಡ್ಡ ಗುಂಪು ಮಾಡಿ, ಅಣಬೆ ಸೇರಿರೋ ಶಿಲೀಂಧ್ರಗಳಿಗೆ ಅಂತಲೇ ಒಂದು ಬಿಟ್ಟುಕೊಟ್ರು, ನಿಮ್ಮ ಮಗ ಓದ್ತಿರೋದು ಅದನ್ನೇ.

ಯಾಕೆ ಬೇರೆ ಮಾಡಿದ್ರು ಅಂದ್ರೆ, ಊಟ ಮಾಡೋ ರೀತಿ ನೋಡಿ. ಗಿಡ ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡ್ಕೊಳ್ಳುತ್ತೆ, ಅಣಬೆಗೆ ಹಸಿರೇ ಇಲ್ಲ. ನಾವು ನುಂಗಿ ಆಮೇಲೆ ಹೊಟ್ಟೆಲಿ ಜೀರ್ಣ ಮಾಡ್ತೀವಿ, ಅಣಬೆದು ಉಲ್ಟಾ, ಕೊಳೆತ ಎಲೆ ಮರದ ಮೇಲೇ ರಸ ಬಿಟ್ಟು ಹೊರಗೇ ಜೀರ್ಣ ಮಾಡಿ ಆಮೇಲೆ ಹೀರ್ಕೊಳ್ಳುತ್ತೆ. ಅದರ ಜೀವಕೋಶದ ಗೋಡೆನೂ ಗಿಡದ ಥರ ಸೆಲ್ಯುಲೋಸಿಂದಲ್ಲ, ಕೈಟಿನ್ ಅನ್ನೋದರಿಂದ ಆಗಿದ್ದು. ಏಡಿ ಚಿಪ್ಪಲ್ಲಿ ಇರೋದೂ ಅದೇ ಕೈಟಿನ್! ಆಮೇಲೆ ಜೀನ್‌ಗಳನ್ನ ಹೋಲಿಸಿ ನೋಡಿದಾಗ ಗೊತ್ತಾಗಿದ್ದು ಏನಂದ್ರೆ ಅಣಬೆ ಗಿಡಕ್ಕಿಂತ ನಮಗೇ ಹತ್ತಿರದ ನೆಂಟ. ಹಾಗಂತ ಅದಕ್ಕೆ ರಕ್ತ ಇಲ್ಲ, ನರ ಇಲ್ಲ, ಅತ್ತೆಯವರಿಗೆ ಅದನ್ನ ಹೇಳಿ, ತಿನ್ನೋದು ಬಿಡೋದು ಅವರಿಷ್ಟ.

ನಿಮ್ಮ ಕಡೆ ಮುಂಗಾರು ಹಿಡಿದಾಗ ಹುತ್ತದ ಹತ್ರ ಅಣಬೆ ಏಳುತ್ತಲ್ಲ, ಅದನ್ನ ಒಂದು ಸಲ ಕೀಳದೆ ಸುತ್ತ ಮಣ್ಣು ಬಿಡಿಸಿ ನೋಡೋಕೆ ಹೇಳಿ ಮಗನಿಗೆ. ಕಾಂಡ ಕೆಳಗೆ ಬೇರಿನ ಥರ ಸಣ್ಣಗಾಗ್ತಾ ಉದ್ದಕ್ಕೆ ಇಳಿದಿರುತ್ತೆ, ಅದು ಬೇರಲ್ಲ, ಗೆದ್ದಲಿನ ಗೂಡಿಂದ ಮೇಲಕ್ಕೆ ಬಂದಿರೋ ಬಾಲ. ಒಳಗೆ ಗೆದ್ದಲು ಕಟ್ಟಿಗೆ, ಎಲೆ ತಿಂದು ತನ್ನ ಹಿಕ್ಕೆಯಿಂದ ಸ್ಪಂಜಿನಂಥ ತಟ್ಟಿ ಕಟ್ಟಿ ಅದರಲ್ಲಿ ಈ ಶಿಲೀಂಧ್ರನ ಬೆಳೆಸುತ್ತೆ, ಕಟ್ಟಿಗೆನ ಮೆತ್ತಗೆ ಮಾಡಿಕೊಡೋದು ಶಿಲೀಂಧ್ರ, ಅದನ್ನ ತಿನ್ನೋದು ಗೆದ್ದಲು. ಅಂದ್ರೆ ಅದು ಗೆದ್ದಲಿನ ತೋಟ. ನಾವು ಸಾರು ಮಾಡೋದು ಆ ತೋಟದ ‘ಹಣ್ಣು’ ಮಾತ್ರ, ನಿಜವಾದ ಮೈ ಅಂದ್ರೆ ಮಣ್ಣೊಳಗಿನ ಬಿಳಿ ನೂಲಿನಂಥ ಜಾಲ. ಐದು ಸಾಮ್ರಾಜ್ಯದ ಹೆಸರು ಬಾಯಿಪಾಠ ಒಪ್ಪಿಸೋ ಮಕ್ಕಳು ಇದನ್ನ ಒಂದು ಸಲನೂ ಕಣ್ಣಾರೆ ನೋಡಿರಲ್ಲ, ನನಗೆ ನಿಜವಾಗ್ಲೂ ಬೇಜಾರಾಗೋದು ಅದಕ್ಕೆ.

ಮನೇಲೇ ಇನ್ನೊಂದು ಮಾಡಬಹುದು. ಅರಳಿದ ಅಣಬೆ ಕೊಡೆನ ಕಾಂಡದಿಂದ ಕತ್ತರಿಸಿ ಗೆರೆಗೆರೆ ಇರೋ ಭಾಗ ಕೆಳಗೆ ಮಾಡಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು ಲೋಟ ಕವುಚಿ ರಾತ್ರಿ ಬಿಡಿ. ಬೆಳಿಗ್ಗೆ ಎತ್ತಿದ್ರೆ ಚಕ್ರದ ಕಡ್ಡಿಗಳ ಥರ ಪುಡಿಯ ಚಿತ್ತಾರ ಬಿದ್ದಿರುತ್ತೆ, ಅದೇ ಬೀಜಕಣ.

ಒಂದು ಮಾತು ಮಾತ್ರ ದಯವಿಟ್ಟು ಮರೀಬೇಡಿ, ಗುರುತಿಲ್ಲದ ಕಾಡಣಬೆ ತಿನ್ನಲೇಬೇಡಿ. ಕೆಲವು ವಿಷ ಎಷ್ಟು ಕುದಿಸಿದ್ರೂ ಹೋಗಲ್ಲ, ತಿಂದು 6ರಿಂದ 12 ಗಂಟೆ ಏನೂ ಆಗದೆ ಇದ್ದು ಆಮೇಲೆ ವಾಂತಿ ಭೇದಿ ಶುರುವಾಗಿ ಲಿವರ್‌ಗೇ ಹೊಡೆತ ಬೀಳುತ್ತೆ. ಅನುಮಾನ ಬಂದ್ರೆ ಕಾಯಬೇಡಿ, ಮಿಕ್ಕಿದ ಅಣಬೆನೂ ಕಟ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಜಿರಳೆ ಹೊಡೆದ್ರೆ ಕೆಂಪು ರಕ್ತ ಯಾಕೆ ಬರಲ್ಲ? ತಲೆ ಹೋದ್ರೂ ಬದುಕುತ್ತೆ ಅಂತಾರೆ, ನಿಜಾನಾ?
– ಪಿಯು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎರಡಕ್ಕೂ ಉತ್ತರ ಒಂದೇ ಕಡೆ ಇದೆ ನೋಡಪ್ಪ, ಅದರ ಉಸಿರಾಟದಲ್ಲಿ. ನಮ್ಮ ರಕ್ತ ಕೆಂಪಗಿರೋದು ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ನಿಂದ. ಜಿರಳೆ ರಕ್ತಕ್ಕೆ ಆ ಕೆಲಸನೇ ಇಲ್ಲ, ಅದರ ಮೈ ಪಕ್ಕದಲ್ಲಿ 10 ಜೊತೆ ಸಣ್ಣ ತೂತು ಇವೆ, ಎದೆ ಭಾಗದಲ್ಲಿ 2, ಹೊಟ್ಟೆಲಿ 8, ಅಲ್ಲಿಂದ ಗಾಳಿ ಸಣ್ಣ ಸಣ್ಣ ನಳಿಕೆಲಿ ಸೀದಾ ಜೀವಕೋಶದವರೆಗೂ ಹೋಗುತ್ತೆ. 13 ಕೋಣೆಯ ಉದ್ದನೆ ಹೃದಯ ಇದೆ, ಅದು ಬಣ್ಣ ಇಲ್ಲದ ರಕ್ತನ ಮೈಯೊಳಗೆ ಹರಿಬಿಡುತ್ತೆ ಅಷ್ಟೇ. ಮೂಗಿಂದ ಉಸಿರಾಡಲ್ಲ ಅಂದ್ಮೇಲೆ ತಲೆ ಹೋದ ತಕ್ಷಣ ಉಸಿರು ನಿಲ್ಲಲ್ಲ, ನಡಿಗೆ ನೋಡ್ಕೊಳ್ಳೋ ನರದ ಗಂಟುಗಳೂ ಎದೆಲೇ ಇವೆ. ಹಾಗಾಗಿ ಕೆಲವು ದಿನ, ಒಂದು ವಾರದವರೆಗೂ ಇರಬಹುದು, ಆಮೇಲೆ ನೀರು ಕುಡಿಯೋಕೆ ಬಾಯಿಲ್ಲದೆ ಸಾಯುತ್ತೆ. ಸೋಪಿನ ನೀರು ಹಾಕಿದ್ರೆ ಬೇಗ ಸಾಯೋದು ಯಾಕೆ ಅಂತ ಈಗ ನೀನೇ ಹೇಳ್ತೀಯ, ತೂತು ಮುಚ್ಚಿಹೋಗುತ್ತೆ.

ಪ್ರಶ್ನೆ: ಬಾವಲಿ ಮೊಟ್ಟೆ ಇಡುತ್ತಾ?
– ಓದುಗರು, ಶಿರಸಿ

ಉತ್ತರ: ಇಲ್ಲ ಸ್ವಾಮಿ, ಮರಿ ಹಾಕಿ ಹಾಲು ಕುಡಿಸುತ್ತೆ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ಮೈ ತುಂಬ ಕೂದಲಿದೆ, ಗರಿ ಇಲ್ಲ. ರೆಕ್ಕೆ ಅಂತ ಕಾಣೋದು ನಮ್ಮಂಥದೇ ಕೈ, ನಾಲ್ಕು ಬೆರಳು ಉದ್ದಕ್ಕೆ ಬೆಳೆದು ಮಧ್ಯೆ ಚರ್ಮ ಹರಡಿದೆ, ಹೆಬ್ಬೆರಳು ಮಾತ್ರ ಕೊಕ್ಕೆ ಥರ ಮೇಲೆ ಎದ್ದಿರುತ್ತೆ.