ಆಪ್ತಸಲಹೆ ಪ್ರಕರಣ: ತಮ್ಮನಿಗೆ ಕಿಡ್ನಿ, ಅಕ್ಕನ ಕ್ಷಮೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಲಾಗಿದೆ.)

ಹೊನ್ನಾವರದ ಕಡೆಯ ಕರಾವಳಿ ಹಳ್ಳಿಯೊಂದರಿಂದ ಬಂದಿದ್ದ ಈ ಕಥೋಲಿಕ ಮಹಿಳೆಗೆ ಐವತ್ತರ ಆಸುಪಾಸಿನ ವಯಸ್ಸು. ಮದುವೆಯಾಗದೆ ಉಳಿದು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ತಾಯಿಯನ್ನು ಕೊನೆಯುಸಿರಿನವರೆಗೂ ನೋಡಿಕೊಂಡವರು ಇವರೇ. ಕುವೈತಿನಲ್ಲಿದ್ದ ತಮ್ಮ, ತಾಯಿಯ ಮಾತು ನಿಂತುಹೋಗಿದ್ದ ಕಾಲದಲ್ಲಿ ರಜೆಗೆ ಬಂದು, ದಾನಪತ್ರಕ್ಕೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು, ತೆಂಗಿನ ಹಿತ್ತಲನ್ನು ತನ್ನ ಹೆಸರಿಗೆ ಮಾಡಿಕೊಂಡು ಮಾರಿಬಿಟ್ಟಿದ್ದ. “ಅಮ್ಮನ ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು ಮೇಡಂ, ಬಿಡಿಸಿ ಶಾಯಿ ಹಚ್ಚಿದ್ದಾನೆ. ಉಗುರಿನ ಸಂದಿಯ ನೀಲಿ, ಎಣ್ಣೆ ಹಾಕಿ ತಿಕ್ಕಿದರೂ ಎಷ್ಟೋ ದಿನ ಹೋಗಲಿಲ್ಲ” ಎಂದು ಹೇಳುವಾಗ ಅವರು ತಮ್ಮದೇ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು.

ಈಗ ಆ ತಮ್ಮನ ಎರಡೂ ಕಿಡ್ನಿಗಳು ಕೆಟ್ಟು, ಆತ ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದಾನೆ. ಇಗರ್ಜಿಯ ಫಾದರ್ ಮೂಲಕ ಕ್ಷಮೆಯನ್ನೂ ಕೇಳಿಸಿದ್ದಾನೆ. ಫಾದರ್ ಅಷ್ಟನ್ನೇ ತಲುಪಿಸಿ ಸುಮ್ಮನಾದರು. ಆದರೆ ರಕ್ತದ ಗುಂಪು ಹೊಂದುತ್ತದೆಂದು ತಿಳಿದ ಮೇಲೆ ಮೌಶಿ (ತಾಯಿಯ ಸಹೋದರಿ) ಮತ್ತು ನೆಂಟರು, “ಕ್ಷಮಿಸಿದ್ದು ನಿಜವಾದರೆ ಕಿಡ್ನಿ ಕೊಟ್ಟು ತೋರಿಸು, ಯೇಸು ಸ್ವಾಮಿ ತನ್ನ ಶರೀರವನ್ನೇ ಕೊಡಲಿಲ್ಲವೇ?” ಎಂದು ಪಟ್ಟು ಹಿಡಿದಿದ್ದರು. ಕೊಡದಿದ್ದರೆ ತಾನು ದೇವರಿಗೆ ದೂರವಾಗುತ್ತೇನೆಯೇ ಎಂಬುದು ಅವರು ಹೊತ್ತು ತಂದ ಪ್ರಶ್ನೆ.

ಅದರ ಕೆಳಗೆ ಇನ್ನೊಂದು ಸಂಕಟವಿತ್ತು. ಅದು ಹೊರಬಂದದ್ದು ಎರಡನೆಯ ಭೇಟಿಯಲ್ಲಿ. ತಮ್ಮನ ಕಾಯಿಲೆಯ ಸುದ್ದಿ ಕೇಳಿದ ಕ್ಷಣದಲ್ಲಿ “ದೇವರು ಇದ್ದಾನೆ” ಎಂದು ತನಗೆ ಖುಷಿಯಾಯಿತು, ಆ ಖುಷಿಗೆ ತಾನೇ ಹೆದರಿದೆ ಎಂದರು. ಸ್ವಲ್ಪ ಹೊತ್ತಿನ ನಂತರ ತಾವಾಗಿಯೇ ಮುಂದುವರಿದು, “ಅವನ ಕಿಡ್ನಿ ಕೆಡಿಸಿದ್ದು ದೇವರ ಶಿಕ್ಷೆಯಾದರೆ, ಅಮ್ಮನನ್ನು ಅಷ್ಟು ವರ್ಷ ಮಲಗಿಸಿದ್ದು ಯಾವ ಪಾಪಕ್ಕೆ? ಎಲ್ಲ ಶಕ್ತಿ ಇರುವವನು, ಪ್ರೀತಿಯೂ ಇರುವವನು, ಅವಳನ್ನು ಯಾಕೆ ಎಬ್ಬಿಸಲಿಲ್ಲ?” ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಉತ್ತರ ಇದೆ ಎಂಬಂತೆ ನಟಿಸುವುದು ಸಲಹೆಗಾರರಿಗೆ ತಕ್ಕದ್ದಲ್ಲ. ಆದರೆ ಅವರದೇ ವಿಶ್ವಾಸದ ಗ್ರಂಥವಾದ ಬೈಬಲ್ ಯಾವ ಉತ್ತರಗಳನ್ನು ತಳ್ಳಿಹಾಕುತ್ತದೆ ಎಂಬುದನ್ನು ಒಟ್ಟಿಗೆ ಓದಿದೆವು. ಹುಟ್ಟುಕುರುಡನನ್ನು ಕಂಡು “ಇದು ಯಾರ ಪಾಪ, ಇವನದೇ, ತಂದೆತಾಯಿಯದೇ?” ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆಯುತ್ತಾರೆ (ಯೊವಾನ್ನ 9). ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎನ್ನುತ್ತಾರೆ (ಲೂಕ 13). ನಿರ್ದೋಷಿಯಾಗಿದ್ದರೂ ಕಷ್ಟಕ್ಕೆ ಸಿಕ್ಕ ಯೋಬನ ಕಥೆ ಹೇಳುವ ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನ ಮೇಲೆ ಹರಿಹಾಯ್ದ ಯೋಬನ ಮೇಲಲ್ಲ, ಪಾಪಕ್ಕೆ ತಕ್ಕ ಶಿಕ್ಷೆ ಎಂದು ಲೆಕ್ಕ ಒಪ್ಪಿಸಿದ ಗೆಳೆಯರ ಮೇಲೆ. ನಮ್ಮಲ್ಲಿ ಸಾವಿನ ಮನೆಗೆ ಬರುವವರು ಯೋಬನಿಗಿಂತ ಆ ಗೆಳೆಯರನ್ನೇ ಹೆಚ್ಚಾಗಿ ಅನುಸರಿಸುತ್ತಾರೆ ಎಂಬುದು ನನ್ನ ಅನುಭವ. ತಾಯಿಯ ಕಾಯಿಲೆ ತೀರ್ಪಲ್ಲವಾದರೆ ತಮ್ಮನ ಕಾಯಿಲೆಯೂ ತೀರ್ಪಲ್ಲ ಎಂದು ಅವರು ಒಪ್ಪಲು ಹಲವು ವಾರ ಹಿಡಿಯಿತು. ಮನಸ್ಸಿನಲ್ಲಿ ಮಿಂಚಿಹೋದ ಖುಷಿ ಬಹಳ ಕಾಲ ನುಂಗಿಕೊಂಡ ಅನ್ಯಾಯದ ಗುರುತು, ಅದನ್ನು ಬೇಕಾದರೆ ಪಾಪನಿವೇದನೆಯಲ್ಲಿ ಹೇಳಿಕೊಳ್ಳಿ, ಆದರೆ ಅದರ ಪ್ರಾಯಶ್ಚಿತ್ತಕ್ಕೆಂದು ಕಿಡ್ನಿ ಕೊಡಬೇಡಿ ಎಂದೆ.

ಕಿಡ್ನಿಯ ಮಾತಿನಲ್ಲಿ ನಾನು ಖಚಿತವಾಗಿದ್ದೆ. ಯೇಸು ತನ್ನ ಪ್ರಾಣದ ಬಗ್ಗೆ, ಅದನ್ನು ಯಾರೂ ತನ್ನಿಂದ ಕಸಿದುಕೊಳ್ಳುವುದಿಲ್ಲ, ತಾನಾಗಿಯೇ ಅರ್ಪಿಸುತ್ತೇನೆ ಎಂದಿದ್ದಾರೆ (ಯೊವಾನ್ನ 10:18). ಮೌಶಿ ಆ ವಾಕ್ಯದ ಮೊದಲರ್ಧವನ್ನು ಬಿಟ್ಟಿದ್ದರು. ದಾನಿಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಅಂಗ ಪಡೆಯುವುದು ನೈತಿಕವಾಗಿ ಸಲ್ಲದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2296ನೆಯ ಪರಿಚ್ಛೇದವೂ ಹೇಳುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆ ಅಕ್ಕತಂಗಿಯರನ್ನು ಹತ್ತಿರದ ಸಂಬಂಧಿಗಳೆಂದು ಗುರುತಿಸುತ್ತದೆ, ಎಂದರೆ ಅವರು ಕೊಡಬಹುದು, ಕೊಡಲೇಬೇಕು ಎಂದಲ್ಲ. ಆಸ್ಪತ್ರೆಗೆ ಹೋಗುವುದಾದರೆ ನೆಂಟರನ್ನು ಹೊರಗಿಟ್ಟು ವೈದ್ಯರೊಂದಿಗೆ ಒಬ್ಬರೇ ಮಾತನಾಡಬೇಕೆಂದೂ, ತಮ್ಮನ ಹೆಸರನ್ನು ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ ‘ಜೀವಸಾರ್ಥಕತೆ’ಯ ಕಾಯುವ ಪಟ್ಟಿಗೆ ಆಸ್ಪತ್ರೆಯ ಮೂಲಕ ಸೇರಿಸಬೇಕೆಂದೂ ತಿಳಿಸಿದೆ.

ಕ್ಷಮೆಯ ಬಗ್ಗೆ ನನ್ನ ಸಲಹೆ ಹೀಗಿತ್ತು. ಎಪ್ಪತ್ತೇಳು ಸಲ ಕ್ಷಮಿಸು ಎಂಬ ಮಾತು ಬರುವ ಮತ್ತಾಯನ 18ನೆಯ ಅಧ್ಯಾಯದಲ್ಲೇ, ಅದಕ್ಕೂ ಮೊದಲು, ತಪ್ಪು ಮಾಡಿದ ಸಹೋದರನ ಬಳಿ ಹೋಗಿ ಅವನ ತಪ್ಪನ್ನು ಎತ್ತಿ ತೋರಿಸು, ಕೇಳದಿದ್ದರೆ ಸಾಕ್ಷಿಗಳನ್ನು ಕರೆದುಕೊಂಡು ಹೋಗು ಎಂದಿದೆ. ಸುಂಕ ವಸೂಲಿಗಾರ ಜಕ್ಕಾಯ ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂತಿರುಗಿಸುತ್ತೇನೆ ಎಂದ ಮೇಲೆಯೇ ಅವನ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರಿದ್ದು (ಲೂಕ 19). ಸೇಡನ್ನು ಬಿಡುವುದು ಅಕ್ಕನ ಕೆಲಸ. ಹೆಬ್ಬೆಟ್ಟಿನ ವಿಷಯವನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ತಮ್ಮನ ಕೆಲಸ. ಫಾದರ್ ಬಾಯಲ್ಲಿ ಹೇಳಿ ಕಳಿಸಿದ ಕ್ಷಮಾಪಣೆಯಲ್ಲಿ ಹಿತ್ತಲಿನ ಹೆಸರೇ ಇರಲಿಲ್ಲ. ಹಕ್ಕಿನ ವಿಚಾರಕ್ಕೆ ತಾಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವು ಸಿಗುತ್ತದೆ.

ಫಾದರ್ ಎದುರಿಗೆ ಹೆಬ್ಬೆಟ್ಟಿನ ವಿಷಯವನ್ನು ತಮ್ಮ ಒಪ್ಪಿಕೊಂಡ. ಉಳಿದಿರುವ ಮನೆ ಅಡಿಯ ಜಾಗವನ್ನು ಅಕ್ಕನ ಹೆಸರಿಗೆ ನೋಂದಾಯಿಸಿ ಕೊಡುವ ಮಾತಾಗಿದೆ, ಪತ್ರ ಇನ್ನೂ ಆಗಿಲ್ಲ. ಕಿಡ್ನಿ ಕೊಡುವುದಿಲ್ಲ ಎಂದು ಇವರು ತಮ್ಮನಿಗೆ ನೇರವಾಗಿ ತಿಳಿಸಿದಾಗ ಆತ ತಲೆಯಾಡಿಸಿದನಂತೆ. ಮೌಶಿ ಮಾತ್ರ ಮಾತು ಬಿಟ್ಟಿದ್ದಾರೆ, ಭಾನುವಾರ ಪೂಜೆ ಮುಗಿದ ಮೇಲೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಮುಂದಿನ ಭೇಟಿಗಳಲ್ಲಿ ಅದರ ಬಗ್ಗೆಯೇ ಮಾತನಾಡಬೇಕೆಂದು ಇವರು ಕೇಳಿಕೊಂಡಿದ್ದಾರೆ.