ಥೀಸಿಸ್ ಮುಗಿಯಿತು, ಪೇಪರ್ ಇನ್ನೂ ಶುರುವಾಗಿಲ್ಲ

ವೈದ್ಯಕೀಯ ಜರ್ನಲ್‌ಗಳಿಗೆ ಲೇಖನ ಕಳಿಸುವ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಮೈಸೂರಿನಲ್ಲಿ ನೆಲೆಸಿರುವ ಸಮುದಾಯ ವೈದ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ಬಹಳ ವರ್ಷ ಜರ್ನಲ್‌ಗಳಿಗೆ ರಿವ್ಯೂವರ್ ಆಗಿದ್ದವರು, ಅಂದರೆ ಪ್ರಕಟಣೆಗೆ ಮುಂಚೆ ಲೇಖನಗಳನ್ನು ಪರಿಶೀಲಿಸಿ ಅಭಿಪ್ರಾಯ ಕೊಡುತ್ತಿದ್ದವರು.

ಪ್ರಶ್ನೆ: ನಾನು ಮದ್ದೂರು ಕಡೆಯವಳು, ಈಚೆಗೆ ಮೆಡಿಸಿನ್‌ನಲ್ಲಿ ಎಂ.ಡಿ. ಮುಗಿಸಿದೆ. ಥೀಸಿಸ್ ಹಾವು ಕಡಿತದ ಮೇಲೆ. ರೋಗಿಗಳಲ್ಲಿ ಹೆಚ್ಚಿನವರು ಕಬ್ಬು ಕಡಿಯುವವರು, ಗದ್ದೆ ಕೆಲಸದವರು. ಥೀಸಿಸ್ಸನ್ನು ಚಿಕ್ಕದು ಮಾಡಿ ಎರಡು ಜರ್ನಲ್‌ಗೆ ಕಳಿಸಿದೆ. ಎರಡೂ ಕಡೆ ರಿವ್ಯೂಗೇ ಹೋಗದೆ ವಾರದೊಳಗೆ ವಾಪಸ್ ಬಂತು. ಈಗ ಇನ್ನೊಂದು ಜರ್ನಲ್‌ನವರು, ಹಣ ಕಟ್ಟಿದರೆ ಐದು ದಿನದಲ್ಲಿ ಪ್ರಕಟಿಸುತ್ತೇವೆ ಅಂತ ಮೇಲ್ ಮಾಡಿದ್ದಾರೆ. ಕೆಲಸದಲ್ಲಿ ಕೈ ಹಾಕದ ಹಿರಿಯರೊಬ್ಬರ ಹೆಸರು ಸೇರಿಸು ಅನ್ನುವ ಒತ್ತಡವೂ ಇದೆ. ಏನು ಮಾಡಲಿ ಸರ್?

ಉತ್ತರ: ನೀವು ಜೊತೆಗೆ ಕಳಿಸಿದ ಕರಡನ್ನು ಎರಡು ಸಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ ಡಾಕ್ಟ್ರೇ, ಅದು ಪೇಪರ್ ಆಗಿಲ್ಲ. ಥೀಸಿಸ್ಸೇ ಉಪವಾಸ ಬಿದ್ದು ಸೊರಗಿದ ಹಾಗಿದೆ.

ಥೀಸಿಸ್ ಬರೆಯುವುದು ಪರೀಕ್ಷಕರಿಗೆ. ನಿಮಗೆ ಎಷ್ಟು ಗೊತ್ತು ಅಂತ ಅವರು ನೋಡಬೇಕು, ಹಾಗಾಗಿ ಹಾವುಗಳ ವರ್ಗೀಕರಣದಿಂದ ಹಿಡಿದು ಎಲ್ಲವೂ ಅದರಲ್ಲಿರುತ್ತದೆ. ಜರ್ನಲ್ ಓದುವ ವೈದ್ಯನಿಗೆ ಅದು ಬೇಡ. ಓಪಿಡಿ ಮುಗಿಸಿ ಟೀ ಕುಡಿಯುತ್ತಾ ಓದುವವನು ಅವನು. ಅವನಿಗೆ ಬೇಕಾದದ್ದು ಒಂದು ಪ್ರಶ್ನೆ, ಅದಕ್ಕೊಂದು ನಂಬಬಹುದಾದ ಉತ್ತರ. ನಿಮ್ಮ ಶೀರ್ಷಿಕೆ ‘ಎ ಕ್ಲಿನಿಕಲ್ ಸ್ಟಡಿ ಆಫ್ ಸ್ನೇಕ್ ಬೈಟ್’ ಎಂದು ಶುರುವಾಗುತ್ತದೆ. ಅದರಲ್ಲಿ ಪ್ರಶ್ನೆ ಎಲ್ಲಿದೆ? ಸಂಪಾದಕರು ಮೊದಲು ನೋಡುವುದು ಶೀರ್ಷಿಕೆ ಮತ್ತು ಅಬ್‌ಸ್ಟ್ರಾಕ್ಟ್ (ಲೇಖನದ ಸಾರಾಂಶ). ಅಲ್ಲಿ ಏನೂ ಸಿಗದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ಆದರೆ ನಿಮ್ಮ ಮಾಸ್ಟರ್ ಚಾರ್ಟ್ (ಎಲ್ಲ ರೋಗಿಗಳ ವಿವರದ ಪಟ್ಟಿ) ನೋಡಿ ನನಗೆ ಖುಷಿಯಾಯಿತು. ಕಡಿತವಾದ ಹೊತ್ತಿನಿಂದ ಮೊದಲ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಡೋಸ್‌ವರೆಗೆ ಎಷ್ಟು ಗಂಟೆ ಹೋಯಿತು ಅಂತ ಒಂದು ಕಾಲಂ ಇದೆ. ಮಧ್ಯದಲ್ಲಿ ಮಂತ್ರ ಹಾಕಿಸಲು ಹೋದರೋ, ನಾಟಿ ಔಷಧಿಗೆ ಹೋದರೋ, ಇನ್ನೊಂದು ಆಸ್ಪತ್ರೆಗೆ ಹೋಗಿ ಬಂದರೋ ಅಂತ ಮತ್ತೊಂದು. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅಂಕಿಗಳೂ ಇವೆ. ನಿಮ್ಮ ಪೇಪರ್ ಇರುವುದು ಈ ಮೂರು ಕಾಲಂನಲ್ಲಿ: ಎಎಸ್‌ವಿ ತಡವಾದವರಲ್ಲಿ ಕಿಡ್ನಿ ಹೆಚ್ಚು ಕೆಟ್ಟಿತೇ, ಆ ತಡ ಆದದ್ದು ಎಲ್ಲಿ? ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಈ ಪ್ರಶ್ನೆ ಈಗ ಯಾಕೆ ಮುಖ್ಯ ಅನ್ನುವುದಕ್ಕೆ ಪೀಠಿಕೆಯಲ್ಲಿ ಎರಡು ವಾಕ್ಯ ಸಾಕು. ಉಳಿದ ಕಾಲಂಗಳ ಮೇಲೆ ಎಷ್ಟೇ ಪ್ರೀತಿಯಿರಲಿ, ಈ ಪ್ರಶ್ನೆಗೆ ಬೇಕಾದಷ್ಟನ್ನೇ ಇಟ್ಟುಕೊಳ್ಳಿ.

ಬರೆಯುವಾಗ ಮೊದಲಿಂದ ಶುರು ಮಾಡಬೇಡಿ. ನಾನು ಹುಡುಗರಿಗೆ ಹೇಳುತ್ತಿದ್ದದ್ದು ಇಷ್ಟು: ಮೊದಲು ಟೇಬಲ್ ಮಾಡು, ಮೂರು ಅಥವಾ ನಾಲ್ಕು. ಆಮೇಲೆ ಮೆಥಡ್ಸ್, ರಿಸಲ್ಟ್ಸ್. ಡಿಸ್ಕಷನ್ ನಂತರ. ಪೀಠಿಕೆ, ಅಬ್‌ಸ್ಟ್ರಾಕ್ಟ್, ಶೀರ್ಷಿಕೆ ಕಟ್ಟಕಡೆಗೆ. ಮನೆ ಕಟ್ಟಿದ ಮೇಲೆ ತಾನೆ ಗೃಹಪ್ರವೇಶದ ಕಾಗದ ಹಂಚುವುದು.

ಮೆಥಡ್ಸ್‌ನಲ್ಲಿ ನೀವು ಅರ್ಧ ಪುಟಕ್ಕೆ ಮುಗಿಸಿದ್ದೀರಿ. ರಿವ್ಯೂವರ್ ಹೆಚ್ಚು ಹೊತ್ತು ಕೂರುವುದೇ ಅಲ್ಲಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಯಾರನ್ನು ಬಿಟ್ಟಿರಿ, ಯಾಕೆ? ಯಾವ ಹಾವು ಅಂತ ಹೇಗೆ ತೀರ್ಮಾನಿಸಿದಿರಿ: ಸತ್ತ ಹಾವನ್ನು ತಂದಿದ್ದರೇ, ಫೋಟೋ ತೋರಿಸಿದರೇ, ಲಕ್ಷಣ ನೋಡಿ ಹೇಳಿದಿರೇ? 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಶುದ್ಧವಾದ, ಒಣಗಿದ ಗಾಜಿನ ಟ್ಯೂಬಿನಲ್ಲೇ ಮಾಡಿದಿರಾ? ಪ್ಲಾಸ್ಟಿಕ್ ಆಗಿದ್ದರೆ ಫಲಿತಾಂಶವನ್ನೇ ನಂಬುವಂತಿಲ್ಲ. ಕಿಡ್ನಿ ಕೆಟ್ಟಿದೆ ಅನ್ನಲು ಯಾವ ಮಾನದಂಡ? ಇನ್ನೊಂದು, ನಮ್ಮ ಕಡೆ ಎಲ್ಲರೂ ಮುಚ್ಚಿಡುವ ವಿಷಯ: ಹೇಳದೆ ಕೇಳದೆ ಡಿಸ್ಚಾರ್ಜ್ ಆಗಿ ಹೋದವರು. ಅವರನ್ನು ಲೆಕ್ಕದಿಂದ ಬಿಟ್ಟಿದ್ದರೆ ಎಷ್ಟು ಜನ ಅಂತ ಬರೆಯಿರಿ. ತುಂಬ ಕಾಯಿಲೆಯಾದವರೇ ಹಾಗೆ ಹೊರಟುಹೋಗಿದ್ದರೆ ನಿಮ್ಮ ಉತ್ತರವೇ ತಿರುಗಬಹುದು. ಇಂಥ ಅಧ್ಯಯನಕ್ಕೆ ಅಂತಲೇ ಸ್ಟ್ರೋಬ್ ಎಂಬ ಚೆಕ್‌ಲಿಸ್ಟ್ 2007ರಿಂದ ಇದೆ, 22 ಅಂಶಗಳದು, ಪುಕ್ಕಟೆ ಸಿಗುತ್ತದೆ. ಕರಡಿನ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಟಿಕ್ ಮಾಡಿ. ಎಷ್ಟೋ ಜರ್ನಲ್‌ಗಳು ಅದನ್ನು ತುಂಬಿ ಅಪ್‌ಲೋಡ್ ಮಾಡಿ ಅನ್ನುತ್ತವೆ.

ಅಂಕಿಗಳ ಬಗ್ಗೆ ಎರಡು ಮಾತು. ಒಂಬತ್ತು ಜನರಲ್ಲಿ ಮೂವರು ಅಂತ ಇದ್ದಕಡೆ ನೀವು 33.33 ಶೇಕಡಾ ಎಂದಿದ್ದೀರಿ. ಒಂಬತ್ತು ಜನಕ್ಕೆ ದಶಾಂಶದ ಎರಡು ಸ್ಥಾನ ಯಾಕೆ? 3/9 ಅಂತ ಬರೆದರೆ ಮರ್ಯಾದೆ. ಪಿ ವ್ಯಾಲ್ಯೂ ಅಂದರೆ, ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ. ‘ಪಿ = 0.000’ ಅನ್ನುವುದು ಸಾಫ್ಟ್‌ವೇರ್‌ನ ಅಭ್ಯಾಸ. ಸೊನ್ನೆ ಅಂತ ಪಿ ವ್ಯಾಲ್ಯೂ ಇಲ್ಲ, 0.001ಕ್ಕಿಂತ ಕಡಿಮೆ ಅನ್ನಿ. ಅದರ ಜೊತೆಗೆ 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಕೊಡಿ. ಕಡಿತದಿಂದ ಡೋಸ್‌ವರೆಗಿನ ಹೊತ್ತಿಗೆ ಮೀನ್ (ಸರಾಸರಿ) ಬೇಡ, ಮೀಡಿಯನ್ (ಸಾಲಾಗಿಟ್ಟಾಗ ನಡುವೆ ಬರುವ ಅಂಕಿ) ಹಾಕಿ. ಮೂರು ದಿನ ಬಿಟ್ಟು ಬಂದ ಇಬ್ಬರು ಸರಾಸರಿಯನ್ನೇ ಎಳೆದುಬಿಡುತ್ತಾರೆ. ಕೊನೆಗೆ ‘ಜನಜಾಗೃತಿ ಮೂಡಿಸಬೇಕು’ ಎಂದು ಮುಗಿಸಿದ್ದೀರಲ್ಲ, ಅದನ್ನು ತೆಗೆಯಿರಿ. ನಿಮ್ಮ ಡೇಟಾ ಹೇಳದ ಮಾತು ಅದು. ಅದನ್ನು ಓದಿ ಓದಿ ನನಗೆ ಸಾಕಾಗಿದೆ.

ರೆಫರೆನ್ಸ್‌ಗಳನ್ನು ವ್ಯಾಂಕೂವರ್ ಶೈಲಿಯಲ್ಲಿ, ಪಠ್ಯದಲ್ಲಿ ಬರುವ ಕ್ರಮಕ್ಕೆ ಅಂಕೆ ಹಾಕಿ ಕೊಡಿ. ಹೆಸರಿನ ಕಥೆ ಗೊತ್ತಲ್ಲ? 1978ರಲ್ಲಿ ಕೆಲವು ವೈದ್ಯಕೀಯ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಎಲ್ಲ ಜರ್ನಲ್‌ಗೂ ಒಂದೇ ಮಾದರಿ ಇರಲಿ ಅಂತ ಮಾತಾಡಿಕೊಂಡರು. ಆ ಗುಂಪೇ ಬೆಳೆದು ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಆಯಿತು. ಟೈಪ್‌ರೈಟರ್ ಕಾಲದಲ್ಲಿ ಒಂದು ಜರ್ನಲ್‌ನಿಂದ ವಾಪಸ್ ಬಂದರೆ ಇನ್ನೊಂದಕ್ಕಾಗಿ ಪೂರ್ತಿ ಮತ್ತೆ ಟೈಪ್ ಮಾಡಿಸಬೇಕಿತ್ತು. ಮೂರು ಪ್ರತಿ, ಕಾರ್ಬನ್ ಹಾಳೆ, ಎಕ್ಸ್‌ರೇ ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ಬಾಣದ ಗುರುತು, ರಿಜಿಸ್ಟರ್ಡ್ ಅಂಚೆ. ನಾನು ಅದೆಲ್ಲ ಮಾಡಿದವನು. ಈಗ ಎಐ ಒಂದು ನಿಮಿಷದಲ್ಲಿ ಮೂವತ್ತು ರೆಫರೆನ್ಸ್ ಕೊಡುತ್ತದೆ, ಕೆಲವು ಲೋಕದಲ್ಲೇ ಇಲ್ಲದವು. ಒಂದೊಂದನ್ನೂ ತೆರೆದು ಓದದೆ ಹಾಕಬೇಡಿ. ಎಐ ಬಳಸಿದ್ದರೆ ತಿಳಿಸಬೇಕು, ಅದು ಲೇಖಕನಾಗಲಾರದು ಎಂದು ಐಸಿಎಂಜೆಇ 2023ರಲ್ಲೇ ಹೇಳಿದೆ.

ಈಗ ಆ ಮೇಲ್. ಐದು ದಿನದಲ್ಲಿ ರಿವ್ಯೂ ಆಗುವುದಿಲ್ಲ. ನಾನೇ ಒಂದು ಪೇಪರ್ ಸರಿಯಾಗಿ ನೋಡಲು ಎರಡು ಭಾನುವಾರ ತೆಗೆದುಕೊಳ್ಳುತ್ತಿದ್ದೆ. ಐಎಸ್‌ಎಸ್‌ಎನ್ ಇದೆ ಅಂತ ಮರುಳಾಗಬೇಡಿ, ಅದು ಜರ್ನಲ್ ಗುರುತಿಸುವ ಬರಿಯ ನಂಬರ್, ಗುಣಮಟ್ಟದ ಮುದ್ರೆ ಅಲ್ಲ. ಜರ್ನಲ್ ಮೆಡ್‌ಲೈನ್‌ನಲ್ಲಿ ಇದೆಯೋ, ಸ್ಕೋಪಸ್‌ನಲ್ಲಿ ಇದೆಯೋ, ಡಿಒಎಜೆಯಲ್ಲಿ ಇದೆಯೋ ಅಂತ ಈ ಜರ್ನಲ್ ಪಟ್ಟಿಗಳ ಆಯಾ ತಾಣದಲ್ಲೇ ಹುಡುಕಿ. ಜರ್ನಲ್‌ನವರು ತಮ್ಮ ಮುಖಪುಟದಲ್ಲಿ ಅಂಟಿಸಿದ ಲೋಗೋ ನಂಬಬೇಡಿ. ಒಳ್ಳೆಯ ಜರ್ನಲ್‌ನ ಹೆಸರಿನಲ್ಲೇ ನಕಲಿ ತಾಣ ತೆರೆದು ದುಡ್ಡು ಕೀಳುವವರೂ ಇದ್ದಾರೆ. ಶುಲ್ಕ ಕೇಳಿದರೆ ಮೋಸ, ಕೇಳದಿದ್ದರೆ ಒಳ್ಳೆಯದು ಅಂತಲೂ ಅಲ್ಲ. ಆದರೆ ಎಷ್ಟು ಶುಲ್ಕ ಅನ್ನುವುದು ಕಳಿಸುವ ಮುಂಚೆಯೇ ತಾಣದಲ್ಲಿ ಕಾಣುವಂತಿರಬೇಕು. ನನ್ನ ಒಬ್ಬ ವಿದ್ಯಾರ್ಥಿ ಹೀಗೊಂದು ಕಡೆ ಹಣ ಕಟ್ಟಿ ಹಾಕಿಸಿದ. ಇಂಟರ್‌ವ್ಯೂನಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೇರೆ ಕಡೆ ಕಳಿಸೋಣ ಅಂದರೆ ಒಮ್ಮೆ ಪ್ರಕಟವಾದದ್ದನ್ನು ಮತ್ತೆ ಪ್ರಕಟಿಸುವಂತಿಲ್ಲ. ಎರಡು ವರ್ಷದ ಕೆಲಸ ನೀರಿಗೆ ಹೋಯಿತು.

ಹಿರಿಯರ ಹೆಸರಿನ ವಿಷಯ ನಾಜೂಕಿನದು. ಐಸಿಎಂಜೆಇ ನಿಯಮ ಸ್ಪಷ್ಟವಾಗಿದೆ: ಆಲೋಚನೆ, ಡೇಟಾ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಜವಾಬ್ದಾರಿ. ನಾಲ್ಕೂ ಇದ್ದರೆ ಲೇಖಕ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ, ಅವರ ಒಪ್ಪಿಗೆ ಪಡೆದು ಕೃತಜ್ಞತೆಯಲ್ಲಿ ಹೆಸರು. ವಿಭಾಗ ನಡೆಸಿದ್ದು, ಸಹಿ ಹಾಕಿದ್ದು ಇದರಲ್ಲಿ ಬರುವುದಿಲ್ಲ. ಎದುರು ನಿಂತು ಜಗಳ ಆಡಿ ಅಂತ ನಾನು ಹೇಳಲಾರೆ. ನಾಳೆ ಇದೇ ಊರಿನಲ್ಲಿ ನೀವು ಕೆಲಸ ಮಾಡಬೇಕು. ನನಗೆ ಕಂಡ ದಾರಿ: ಜರ್ನಲ್‌ನ ಕಾಂಟ್ರಿಬ್ಯೂಷನ್ ಫಾರ್ಮ್ ತೆಗೆದುಕೊಂಡು ಹೋಗಿ, ‘ಸರ್, ಇದರಲ್ಲಿ ಪ್ರತಿಯೊಬ್ಬರೂ ಏನು ಮಾಡಿದರು ಅಂತ ಬರೆದು ಸಹಿ ಹಾಕಬೇಕಂತೆ. ಡೇಟಾದಲ್ಲಿ ತಪ್ಪು ಸಿಕ್ಕರೆ ಎಲ್ಲರನ್ನೂ ಕೇಳುತ್ತಾರಂತೆ. ತಮ್ಮ ಮುಂದೆ ಏನು ಬರೆಯಲಿ?’ ಅಂತ ಕೇಳಿ. ಮೆಲ್ಲಗೆ ‘ಕೃತಜ್ಞತೆಯಲ್ಲೇ ಹಾಕಮ್ಮ’ ಅಂದವರನ್ನು ನಾನು ನೋಡಿದ್ದೇನೆ. ನಿಮ್ಮ ಗೈಡ್ ವಿಷಯ ಬೇರೆ. ಅವರು ನಿಜವಾಗಿ ಗೈಡ್ ಮಾಡಿದ್ದರೆ ಅವರ ಹೆಸರು ಇರಲೇಬೇಕು. ಥೀಸಿಸ್‌ನಿಂದ ಹುಟ್ಟಿದ ಪೇಪರ್‌ನಲ್ಲಿ ಮೊದಲ ಹೆಸರು ನಿಮ್ಮದು.

ಪ್ರಶ್ನೆ: ಮೈಸೂರಿನಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುವ ಮೂಳೆ ತಜ್ಞ. ಮಣಿಕಟ್ಟಿನ ಮುರಿತಕ್ಕೆ ಎರಡು ಬಗೆಯ ಪ್ಲಾಸ್ಟರ್ ಹಾಕಿ, ಮೂರು ವರ್ಷದ ಫಲಿತಾಂಶ ಹೋಲಿಸಿದ್ದೇನೆ. ಜರ್ನಲ್‌ನವರು ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ಪತ್ರ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ) ನಂಬರ್ ಕೇಳುತ್ತಿದ್ದಾರೆ. ಎರಡೂ ಇಲ್ಲ. ಈಗ ಮಾಡಿಸಬಹುದೇ?

ಉತ್ತರ: ಯಾರಿಗೆ ಯಾವ ಪ್ಲಾಸ್ಟರ್ ಅಂತ ಹೇಗೆ ತೀರ್ಮಾನಿಸಿದಿರಿ ಅನ್ನುವುದನ್ನು ನೀವು ಬರೆದಿಲ್ಲ. ಉತ್ತರ ನಿಂತಿರುವುದೇ ಅದರ ಮೇಲೆ.

ಒಬ್ಬರಿಗೆ ಇದು, ಮುಂದಿನವರಿಗೆ ಅದು, ಅಥವಾ ಸೋಮವಾರ ಇದು, ಮಂಗಳವಾರ ಅದು ಅಂತ ಹಂಚಿದ್ದರೆ ಅದು ಟ್ರಯಲ್ (ಚಿಕಿತ್ಸೆಯ ಪ್ರಯೋಗ). ಸಿಟಿಆರ್‌ಐ 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಿದ ಟ್ರಯಲ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಐಸಿಎಂಜೆಇ ನಿಯಮ ಪಾಲಿಸುವ ಜರ್ನಲ್‌ಗಳು 2005ರಿಂದಲೂ ಇದನ್ನೇ ಕೇಳುತ್ತಿವೆ. ಹಾಗಾದರೆ ಈ ಬಾಗಿಲು ಮುಚ್ಚಿತು. ಅದನ್ನೇ ‘ಹಳೆಯ ದಾಖಲೆಗಳ ಪರಿಶೀಲನೆ’ ಅಂತ ಹೆಸರು ಬದಲಿಸಿ ಕಳಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಎರಡೂ ಗುಂಪಿನಲ್ಲಿ ಸಮಸಮ ರೋಗಿಗಳಿದ್ದಾರೆ ಅಂದ ಕೂಡಲೇ ರಿವ್ಯೂವರ್‌ಗೆ ಗೊತ್ತಾಗುತ್ತದೆ.

ಹಾಗಲ್ಲ, ಪ್ರತಿ ರೋಗಿಯ ಮುರಿತ ನೋಡಿ ನಿಮಗೆ ಸರಿ ಕಂಡ ಚಿಕಿತ್ಸೆ ಕೊಟ್ಟು, ಈಗ ಕೇಸ್ ಶೀಟ್‌ಗಳನ್ನು ನೋಡುತ್ತಿದ್ದೀರಿ ಅಂದರೆ ಅದು ನಿಜಕ್ಕೂ ದಾಖಲೆ ಪರಿಶೀಲನೆ. ಅದಕ್ಕೂ ಕಮಿಟಿಯ ಮುಂದೆ ಹೋಗಬೇಕು. ರೋಗಿಗಳ ಒಪ್ಪಿಗೆಗೆ ವಿನಾಯಿತಿ ಕೊಡುವುದು ಅವರ ಕೆಲಸ, ನಮ್ಮದಲ್ಲ. ಸ್ವಂತ ಕಮಿಟಿ ಇಲ್ಲದವರು ಹತ್ತಿರದ ಬೇರೆ ಸಂಸ್ಥೆಯ ಕಮಿಟಿಯನ್ನು ಒಪ್ಪಂದ ಮಾಡಿಕೊಂಡು ಬಳಸಲು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು) 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ನೀವು ಈಗಾಗಲೇ ಅಂಕಿ ಕೂಡಿಸಿಬಿಟ್ಟಿದ್ದೀರಿ, ಆದ್ದರಿಂದ ಅದನ್ನು ಮುಚ್ಚಿಡದೆ ಕಮಿಟಿಗೆ ಹೇಳಿ. ಹಿಂದಿನ ತಾರೀಕು ಹಾಕಿದ ಪತ್ರ ಮಾತ್ರ ಯಾರಿಂದಲೂ ತರಬೇಡಿ. ಅವರು ಬೇಡ ಅಂದರೆ ಪ್ರಕಟಣೆ ಬಿಟ್ಟು, ವೈದ್ಯರ ಸಂಘವಾದ ಐಎಂಎ ಸಭೆಯಲ್ಲಿ ಅನುಭವ ಅಂತ ಮಾತಾಡಿ.

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ಕ್ಲಿನಿಕ್ ಇದೆ. ಅಪರೂಪದ ಚರ್ಮರೋಗದ ಕೇಸ್ ರಿಪೋರ್ಟ್ ಬರೆಯುತ್ತಿದ್ದೇನೆ. ಫೋಟೋದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು. ಪಟ್ಟಿ ಹಾಕಿದರೂ ಊರಿನವರಿಗೆ ಗುರುತು ಸಿಗುತ್ತದೆ; ಐಸಿಎಂಜೆಇ ಕೂಡ ಅದನ್ನು ಒಪ್ಪುವುದಿಲ್ಲ. ಪ್ರಕಟಣೆಗೆ ಅಂತಲೇ ಪ್ರತ್ಯೇಕ ಒಪ್ಪಿಗೆ, ಕನ್ನಡದಲ್ಲಿ, ಅವರಿಗೆ ಓದಿ ಹೇಳಿ ತೆಗೆದುಕೊಳ್ಳಿ. ‘ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ಆಮೇಲೆ ಅಳಿಸಲು ಆಗುವುದಿಲ್ಲ’ ಅನ್ನುವ ಮಾತು ಅದರಲ್ಲಿರಲಿ. ಆ ಕಾಗದ ನಿಮ್ಮ ಬೀರುವಿನಲ್ಲಿರಲಿ. ಜರ್ನಲ್ ಕೇಳದೆ ಕಳಿಸಬೇಡಿ, ಅದರಲ್ಲಿ ಅವರ ಹೆಸರಿದೆ. ಬರಹದಲ್ಲೂ ಹುಷಾರು: ಊರಿನ ಹೆಸರು, ವಯಸ್ಸು, ಪಂಚಾಯಿತಿ ಸದಸ್ಯ ಅಂತ ಬರೆದರೆ ಫೋಟೋ ಬೇಕೇ ಇಲ್ಲ. ಕೇಸ್ ರಿಪೋರ್ಟ್ ಬರೆಯಲು ಕೇರ್ ಎಂಬ ಚೆಕ್‌ಲಿಸ್ಟ್ ನೋಡಿ.

ಪ್ರಶ್ನೆ: ಮೊದಲ ಪೇಪರ್. ರಿವ್ಯೂವರ್ 2 ಇಪ್ಪತ್ತಮೂರು ತಪ್ಪು ಹುಡುಕಿದ್ದಾರೆ. ಒಂದೆರಡು ಅವರೇ ಸರಿಯಾಗಿ ಓದದೆ ಬರೆದದ್ದು. ಸಿಟ್ಟು ಬಂದು ವಾಪಸ್ ತೆಗೆದುಕೊಳ್ಳೋಣ ಅನ್ನಿಸುತ್ತಿದೆ. — ಮೈಸೂರು

ಉತ್ತರ: ಅಭಿನಂದನೆ. ರಿಜೆಕ್ಟ್ ಮಾಡಬೇಕೆಂದಿದ್ದರೆ ಇಪ್ಪತ್ತಮೂರು ಬರೆಯುವ ಶ್ರಮ ಯಾರೂ ತೆಗೆದುಕೊಳ್ಳುವುದಿಲ್ಲ.

ಒಂದು ವಾರ ಮುಟ್ಟಬೇಡಿ. ಆಮೇಲೆ ಒಂದೊಂದು ಮಾತನ್ನೂ ಹಾಗೇ ನಕಲು ಮಾಡಿ, ಕೆಳಗೆ ನಿಮ್ಮ ಉತ್ತರ, ಅದರ ಕೆಳಗೆ ಬದಲಾದ ವಾಕ್ಯ, ಪುಟ ಮತ್ತು ಸಾಲಿನ ಸಂಖ್ಯೆ. ಅವರು ತಪ್ಪಾಗಿ ಓದಿದ ಕಡೆ ‘ನೀವು ಓದಿಲ್ಲ’ ಅನ್ನಬೇಡಿ. ಅವರಿಗೆ ಅರ್ಥವಾಗದಿದ್ದರೆ ಬೇರೆ ಓದುಗರಿಗೂ ಆಗುವುದಿಲ್ಲ, ವಾಕ್ಯ ತಿದ್ದಿ. ಒಪ್ಪಲಾಗದ್ದನ್ನು ಕಾರಣ ಕೊಟ್ಟು ಒಪ್ಪುವುದಿಲ್ಲ ಅನ್ನಿ, ಇಪ್ಪತ್ತಮೂರರಲ್ಲಿ ಎರಡು ಮೂರು ನಡೆಯುತ್ತದೆ. ಕೊಟ್ಟ ಗಡುವು ಸಾಲದಿದ್ದರೆ ಮುಗಿಯುವ ಮುಂಚೆಯೇ ಸಂಪಾದಕರಿಗೆ ಬರೆದು ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.

ಸ್ವೀಕೃತವಾದ ಮೇಲೆ ಪ್ರೂಫ್ ಬರುತ್ತದೆ, ಎರಡು ಮೂರು ದಿನದಲ್ಲಿ ತಿದ್ದಿ ಕಳಿಸಿ ಅಂತ. ಆಗ ನೋಡಬೇಕಾದದ್ದು ಟೇಬಲ್‌ಗಳ ದಶಾಂಶ ಬಿಂದು, ಮತ್ತೆ ನಿಮ್ಮ ಹೆಸರು. ನಮ್ಮ ಕಡೆಯವರಿಗೆ ಇದೊಂದು ಗೋಳು. ಸರ್‌ನೇಮ್ ಕೇಳುವ ಚೌಕದಲ್ಲಿ ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಒಬ್ಬರು ಊರಿನ ಹೆಸರು, ಮತ್ತೊಬ್ಬರು ಬರೀ ಇನಿಷಿಯಲ್. ಮುಂದಿನ ಪೇಪರ್‌ಗೆ ತಾವೇ ಬೇರೆ ಹಾಕುತ್ತಾರೆ. ಕೊನೆಗೆ ಒಬ್ಬ ಡಾಕ್ಟರ್ ಮೂವರಾಗಿ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಕೂತಿರುತ್ತಾರೆ. ಇವತ್ತೇ ಸಂಶೋಧಕರನ್ನು ಗುರುತಿಸುವ ಓರ್ಕಿಡ್‌ನ 16 ಅಂಕಿಯ ಐಡಿ ಮಾಡಿಸಿಕೊಳ್ಳಿ, ಹಣ ಕೊಡಬೇಕಿಲ್ಲ. ಹೆಸರಿನ ಒಂದು ರೂಪ ಗೊತ್ತುಮಾಡಿಕೊಂಡು ನಿವೃತ್ತಿಯವರೆಗೂ ಅದನ್ನೇ ಬರೆಯಿರಿ. ಮೈಸೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್‌ನಲ್ಲೇ Mysoreನಿಂದ Mysuru ಎಂದು ಬದಲಾಗಿದೆ; ಆದರೆ ನಿಮ್ಮ ಕಾಲೇಜಿನ ಅಧಿಕೃತ ಹೆಸರು ಇನ್ನೂ ಹಳೆಯ ಸ್ಪೆಲ್ಲಿಂಗ್‌ನಲ್ಲಿದ್ದರೆ ಕಾಲೇಜಿನ ಹೆಸರಿನಲ್ಲಿ ಹಳೆಯದು, ವಿಳಾಸದಲ್ಲಿ ಹೊಸದು.