ಓದುಗರ ಪ್ರಶ್ನೆ: ಊರಿನ ಸುದ್ದಿ ಗೂಗಲ್‌ಗೆ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನಮ್ಮದು ಮಂಡ್ಯದ ವಾರಪತ್ರಿಕೆ. 10 ವರ್ಷದ ಸಂಚಿಕೆಗಳನ್ನು ಪಿಡಿಎಫ್ ಮಾಡಿ ವೆಬ್‌ಸೈಟಿಗೆ ಹಾಕಿದ್ದೇವೆ. ಊರಿನ ಹೆಸರು ಕೊಟ್ಟು ಹುಡುಕಿದರೂ ಒಂದು ಸುದ್ದಿಯೂ ಬರುವುದಿಲ್ಲ. ಏಕೆ?

ಉತ್ತರ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಮೊಬೈಲಿನ ಮೆಸೇಜ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಕಾರಣ ಸಿಕ್ಕಿತು. ಯೂನಿಕೋಡ್ (ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ) ರೂಢಿಗೆ ಬರುವ ಮುಂಚಿನ ನುಡಿ, ಶ್ರೀಲಿಪಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ‘ಮಂಡ್ಯ’ ಎಂದು ಕಂಡರೂ ಫೈಲಿನೊಳಗೆ ಆ ಪದವೇ ಇಲ್ಲ. ಇಲ್ಲದ ಪದವನ್ನು ಗೂಗಲ್ ಎಲ್ಲಿಂದ ತಂದೀತು? ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಲೇಬೇಕು.

ಆದರೆ ಪಿಡಿಎಫ್‌ನಿಂದ ಬದಲಿಸಲು ಹೋಗಬೇಡಿ. ಅದರಲ್ಲಿ ಅಕ್ಷರಗಳ ಸರಣಿ ಕೆಟ್ಟಿರುತ್ತದೆ, ಅಕ್ಕಪಕ್ಕದ ಕಾಲಂಗಳು ಬೆರೆತುಹೋಗುತ್ತವೆ. ಪುಟ ಕಟ್ಟಿದ ಮೂಲ ಫೈಲಿನಿಂದಲೇ ಪಠ್ಯ ತೆಗೆದು ಕನ್ವರ್ಟರ್‌ಗೆ ಹಾಕಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಕನ್ವರ್ಟರ್ ಅವನ್ನೂ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ; ಮೊದಲೇ ಗುರುತು ಹಾಕಿಡಿ. ಅರ್ಕಾವೊತ್ತು ಮತ್ತು ಉದ್ಧರಣ ಚಿಹ್ನೆಗಳನ್ನು ಕೂತು ತಿದ್ದಬೇಕು, ಅದಕ್ಕೆ ಅಡ್ಡದಾರಿ ಇಲ್ಲ. 10 ವರ್ಷವನ್ನು ಒಟ್ಟಿಗೆ ಹೊರಬೇಡಿ. ಈ ವಾರದ ಸಂಚಿಕೆಯಿಂದ ಶುರುಮಾಡಿ ಹಿಂದಕ್ಕೆ ಹೋಗಿ.

ಒಂದು ಸುದ್ದಿಗೆ ಒಂದು ಪುಟ, ಒಂದು ವಿಳಾಸ ಇರಲಿ. ವಿಳಾಸ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿರುವುದು ವಾಸಿ. ಲಿಂಕ್‌ನಲ್ಲಿ ಕನ್ನಡ ಬರೆದರೆ ಪ್ರತಿ ಅಕ್ಷರ, ಕಾಗುಣಿತ ಚಿಹ್ನೆ, ಹಲಂತ ತಲಾ 9 ಸಂಕೇತಗಳಾಗಿ ಬಿಚ್ಚಿಕೊಳ್ಳುತ್ತವೆ. ‘ಮಂಡ್ಯ’ ಒಂದಕ್ಕೇ 45 ಆಯಿತು. ವಾಟ್ಸ್‌ಆ್ಯಪ್‌ಗೆ ಬಂದ ಅಂಥ ಉದ್ದದ ಲಿಂಕ್ ಒತ್ತಲು ಜನ ಹಿಂಜರಿಯುತ್ತಾರೆ.

ಶೀರ್ಷಿಕೆಯನ್ನೂ ಬೇರೆ ಬರೆಯಬೇಕು. ‘ಕೊನೆಗೂ ಹರಿಯಿತು ನೀರು’ ಎಂಬುದು ಅಚ್ಚಿನಲ್ಲಿ ಚೆಂದ, ಏಕೆಂದರೆ ಪುಟದ ನೆತ್ತಿಯಲ್ಲೇ ಪಾಂಡವಪುರ ಎಂದಿರುತ್ತದೆ. ವೆಬ್‌ನಲ್ಲಿ ಆ ಸಾಲು ಒಂಟಿ. ‘ಪಾಂಡವಪುರ: ವಿ.ಸಿ. ನಾಲೆಗೆ ನೀರು’ ಎಂದು ಬರೆದು, ಮೊದಲ ವಾಕ್ಯದಲ್ಲಿ ‘ವಿಶ್ವೇಶ್ವರಯ್ಯ ನಾಲೆ’ ಎಂಬ ಪೂರ್ಣ ಹೆಸರನ್ನೂ ತನ್ನಿ. ಜನ ಎರಡು ರೀತಿಯಲ್ಲೂ ಹುಡುಕುತ್ತಾರೆ.

ಪ್ರಶ್ನೆ: ದಿನವೂ ಕೆಆರ್‌ಎಸ್ ನೀರಿನ ಮಟ್ಟ ಪ್ರಕಟಿಸುತ್ತೇವೆ. ಹುಡುಕಾಟದಲ್ಲಿ ನಮ್ಮ ಪುಟ ಮೇಲೆಯೇ ಇದೆ, ಓದುಗರು ಮಾತ್ರ ಒಳಗೆ ಬರುತ್ತಿಲ್ಲ. – ಮೈಸೂರಿನ ಓದುಗರು

ಉತ್ತರ: ವೆಬ್‌ಸೈಟಿನ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಇಂಪ್ರೆಷನ್ (ಹುಡುಕಾಟದಲ್ಲಿ ಪುಟ ಎಷ್ಟು ಸಲ ಕಂಡಿತು) ಏರಿ ಕ್ಲಿಕ್ ಇಳಿದಿದ್ದರೆ, ಉತ್ತರ ಹುಡುಕಾಟದ ಪುಟದಲ್ಲೇ ಸಿಕ್ಕಿಬಿಡುತ್ತಿದೆ ಎಂದು ಮೊದಲು ಅನುಮಾನಿಸಿ. ಹುಡುಕಿದ್ದಕ್ಕೆ ಮೇಲೆಯೇ ಸಾರಾಂಶದ ಉತ್ತರ ಕೊಡುವ ಗೂಗಲ್‌ನ ಎಐ ಓವರ್‌ವ್ಯೂ 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. ಅದಕ್ಕೂ ಮುಂಚೆ ಲಿಂಕ್ ಕೆಳಗಿನ ಎರಡು ಸಾಲೇ ಇಂಥ ಕೆಲಸ ಮಾಡುತ್ತಿತ್ತು. ಒಂದು ಅಂಕಿಯನ್ನಷ್ಟೇ ಕೊಡುವ ಸುದ್ದಿಗೆ ಇನ್ನು ಕ್ಲಿಕ್ ನಿರೀಕ್ಷಿಸಬಾರದು. ಸಾರಾಂಶ ತೋರಿಸದಂತೆ ಪುಟದ ಕೋಡ್‌ನಲ್ಲಿ ‘ನೋಸ್ನಿಪೆಟ್’ (nosnippet) ಎಂಬ ಸೂಚನೆ ಹಾಕಬಹುದು, ಆದರೆ ಆಗ ವಿವರಣೆಯಿಲ್ಲದ ಬರಿಯ ಶೀರ್ಷಿಕೆ ಉಳಿಯುತ್ತದೆ. ಸಣ್ಣ ಪತ್ರಿಕೆಗೆ ಅದು ನಷ್ಟವೇ.

ದಿನಕ್ಕೊಂದು ಪುಟ ಮಾಡುವುದನ್ನು ಮೊದಲು ನಿಲ್ಲಿಸಿ. ಒಂದೇ ಥರದ 365 ಪುಟಗಳು ಒಂದಕ್ಕೊಂದು ಪೈಪೋಟಿಗೆ ನಿಲ್ಲುತ್ತವೆ. ಒಂದೇ ಕಾಯಂ ಪುಟ ಇಟ್ಟು ಬೆಳಿಗ್ಗೆ ಬೆಳಿಗ್ಗೆ ಅದನ್ನೇ ತಿದ್ದಿ: ಗರಿಷ್ಠ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನದ ಮಟ್ಟ. ಅದರ ಕೆಳಗೆ ರೈತರಿಗೆ ಬೇಕಾದ್ದನ್ನು ಬರೆಯಿರಿ. ಒಳಹರಿವು ದಿನವಿಡೀ 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಇದ್ದರೆ ಸುಮಾರು 1 ಟಿಎಂಸಿ (ನೂರು ಕೋಟಿ ಘನ ಅಡಿ) ನೀರು ಬಂದಂತೆ. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟರೆ ಯಾವ ಉಪನಾಲೆಗೆ ಯಾವ ದಿನ, ಕೊನೆ ಭಾಗದ ಗದ್ದೆಗೆ ತಲುಪಿತೇ ಇಲ್ಲವೇ? ಇದನ್ನು ನಾಲೆ ಏರಿಯ ಮೇಲೆ ನಿಂತು ನೋಡಿದವರೇ ಬರೆಯಬೇಕು. ಈ ಸುದ್ದಿಗಾಗಿ ಮದ್ದೂರಿನ, ಮಳವಳ್ಳಿಯ ರೈತ ನಿಮ್ಮ ಪುಟಕ್ಕೇ ಬರುತ್ತಾನೆ.

ಹೊಸ ಅಂಕಿಯಿಲ್ಲದೆ ದಿನಾಂಕ ಮಾತ್ರ ಬದಲಿಸುವ ಚಾಳಿ ಬೇಡ. ಪುಟದ ಕೋಡ್‌ನಲ್ಲಿ ಸಮಯದ ಜೊತೆ +05:30 ಎಂಬ ಭಾರತದ ಕಾಲವಲಯ ನಮೂದಾಗಿದೆಯೇ ನೋಡಿ. ತಪ್ಪಿದರೆ ಸುದ್ದಿಯ ಸಮಯ ಐದೂವರೆ ಗಂಟೆ ಆಚೀಚೆ ಆಗುತ್ತದೆ.

ಪ್ರಶ್ನೆ: ಫೇಸ್‌ಬುಕ್ ಪೇಜ್ ಮತ್ತು ವಾಟ್ಸ್‌ಆ್ಯಪ್ ಇದ್ದರೆ ವೆಬ್‌ಸೈಟ್ ಬೇಕೇ? – ಶ್ರೀರಂಗಪಟ್ಟಣದ ವರದಿಗಾರರು

ಉತ್ತರ: ಬೇಕು. 2018ರ ಜನವರಿಯಲ್ಲಿ ಫೇಸ್‌ಬುಕ್ ಗೆಳೆಯರ, ಬಂಧುಗಳ ಪೋಸ್ಟ್‌ಗಳಿಗೆ ಆದ್ಯತೆ ಎಂದು ಘೋಷಿಸಿ ಸುದ್ದಿಯನ್ನು ಹಿಂದಕ್ಕೆ ಸರಿಸಿತು. ಕೆನಡಾದಲ್ಲಿ ಪ್ರಕಾಶಕರಿಗೆ ಹಣ ಕೊಡಬೇಕೆಂಬ ಕಾನೂನು ಬಂದ ಮೇಲೆ, 2023ರ ಆಗಸ್ಟ್‌ನಿಂದ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ಅಲ್ಲಿ ಸುದ್ದಿಯನ್ನೇ ತಡೆಯಿತು. ವಾಟ್ಸ್‌ಆ್ಯಪ್ ಚಾನೆಲ್ ಕೂಡ ಅದೇ ಕಂಪನಿಯದು. ಅವನ್ನು ಬಳಸಿ, ಆದರೆ ಚಂದಾದಾರರ ಒಪ್ಪಿಗೆ ಪಡೆದು ಇಮೇಲ್, ಫೋನ್ ಪಟ್ಟಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಗುಂಪುಗಳಿಗೆ ಪತ್ರಿಕೆಯ ತುಣುಕನ್ನು ಚಿತ್ರವಾಗಿ ಹಾಕುವಾಗ ಇನ್ನೊಂದು ಎಚ್ಚರ. ಚಿತ್ರದಲ್ಲಿ ಲಿಂಕ್ ಒತ್ತಲು ಆಗುವುದಿಲ್ಲ, ದಿನಾಂಕ ಪುಟದ ನೆತ್ತಿಯಲ್ಲೇ ಉಳಿದುಹೋಗುತ್ತದೆ. ಎರಡು ವರ್ಷದ ಹಿಂದಿನ ‘ಕಾವೇರಿ ತೀರದಲ್ಲಿ ಪ್ರವಾಹ ಎಚ್ಚರಿಕೆ’ ತುಣುಕು ಮಳೆಗಾಲದಲ್ಲಿ ಮತ್ತೆ ಹರಿದಾಡಿದರೆ ನದಿ ಪಕ್ಕದ ಮನೆಯವರು ಸುಮ್ಮನೆ ಗಾಬರಿಯಾಗುತ್ತಾರೆ. ಪ್ರತಿ ತುಣುಕಿನ ಕೆಳಗೆ ಒಂದು ಪಟ್ಟಿ ಬಿಟ್ಟು ಪತ್ರಿಕೆಯ ಹೆಸರು, ಊರು, ಇಸವಿ ಸಮೇತ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿ. ಅಂಚು ಕತ್ತರಿಸಿ ಹಂಚುವವರೂ ಇರುತ್ತಾರೆ, ಹಾಗಾಗಿ ಸುದ್ದಿಯ ಮೊದಲ ಸಾಲಿನಲ್ಲೂ ‘ಸೋಮವಾರ’ ಎಂದಷ್ಟೇ ಬರೆಯದೆ ದಿನಾಂಕ ಬರೆಯಿರಿ.